ಕಾರಿನ ಟೈರು ಹೇಗೆ ಸವೆದಿದೆ, ಯಾವಾಗ ಬದಲಿಸಬೇಕು: ಒಂದು ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ತಿಂಗಳಿಗೆ ಎರಡು ಬಾರಿಯಾದರೂ ಹೋಗಿಬರುವ ನನ್ನ ಸಣ್ಣ ಕಾರಿಗೆ ಮುಂದಿನ ಎರಡು ಟೈರುಗಳನ್ನು ಹೊಸದಾಗಿ ಹಾಕಿಸಿ ಒಂಬತ್ತು ಸಾವಿರ ಕಿಲೋಮೀಟರು ಕಳೆಯುವಷ್ಟರಲ್ಲಿ ಅವೆರಡರ ಒಳ ಅಂಚು ನುಣ್ಣಗಾಗಿತ್ತು. ನಿಂತು ನೋಡಿದವರಿಗೆ ಅವು ಹೊಸ ಟೈರುಗಳಂತೆಯೇ ಕಾಣುತ್ತಿದ್ದವು. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಬಗ್ಗಿ, ಒಳಬದಿಗೆ ಕೈಯಾಡಿಸಿದಾಗ ಮಾತ್ರ ನಿಜ ಸ್ಥಿತಿ ತಿಳಿಯುವಂತಿತ್ತು. ಅಂಗಡಿಯವರು ರಬ್ಬರಿನ ಗುಣಮಟ್ಟವನ್ನು ದೂರಿ, ಬೇರೆ ಕಂಪನಿಯ ಟೈರು ಹಾಕಿಸಿಕೊಳ್ಳಿ ಎಂದರು. ಹಾಗೆ ಹಾಕಿಸಿದ್ದರೆ ಅವೂ ಅಷ್ಟೇ ದೂರಕ್ಕೆ ಅದೇ ರೀತಿಯಲ್ಲಿ ಸವೆಯುತ್ತಿದ್ದವು, ಏಕೆಂದರೆ ದೋಷವಿದ್ದದ್ದು ಟೈರಿನಲ್ಲಲ್ಲ.

ಟೈರು ಬದಲಿಸುವ ಹೊತ್ತು ಬಂದಾಗ ನಾವು ಕೇಳುವುದು ಯಾವ ಕಂಪನಿಯದು ಒಳ್ಳೆಯದು, ಎಷ್ಟಾಗುತ್ತದೆ ಎಂಬ ಎರಡೇ ಪ್ರಶ್ನೆಗಳನ್ನು. ಹಳೆಯ ಟೈರು ಯಾವ ರೀತಿಯಲ್ಲಿ ಸವೆದಿದೆ ಎಂದು ಅದನ್ನು ಕಳಚುವ ಮೊದಲೇ ನೋಡಿಕೊಳ್ಳುವವರು ಕಡಿಮೆ. ಗಾಳಿಯ ಒತ್ತಡ, ಚಕ್ರಗಳ ಕೋನ, ಶಾಕ್ ಅಬ್ಸಾರ್ಬರ್, ಬುಷ್ (ಲೋಹದ ಭಾಗಗಳ ಜೋಡಣೆಯಲ್ಲಿರುವ ರಬ್ಬರಿನ ಮೆತ್ತೆ), ಬ್ರೇಕು ಇವುಗಳಲ್ಲಿ ಯಾವುದು ಹದ ತಪ್ಪಿದರೂ ಅದರ ಗುರುತು ಟೈರಿನ ಮೇಲೆ ಬೀಳುತ್ತದೆ, ಮತ್ತು ಕಳಚಿ ಗುಜರಿಗೆ ಎಸೆದ ಮೇಲೆ ಆ ಗುರುತು ಯಾರ ಉಪಯೋಗಕ್ಕೂ ಬರುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಮೊದಲು ಪರೀಕ್ಷೆ, ನಂತರ ನಿರ್ಧಾರ, ಕೊನೆಯಲ್ಲಿ ಬದಲಾವಣೆ ಎಂಬ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಮೊದಲು ಗಾಳಿ

ಟೈರಿನ ಯಾವ ದೂರನ್ನು ಪರಿಶೀಲಿಸುವುದಿದ್ದರೂ ಗಾಳಿಯ ಒತ್ತಡದಿಂದಲೇ ಆರಂಭಿಸಬೇಕು, ಏಕೆಂದರೆ ಅದು ಖರ್ಚಿಲ್ಲದ ಪರೀಕ್ಷೆ ಮತ್ತು ಅದು ತಪ್ಪಾಗಿದ್ದರೆ ಉಳಿದ ಪರೀಕ್ಷೆಗಳ ಫಲಿತಾಂಶವೂ ದಾರಿ ತಪ್ಪಿಸುತ್ತದೆ. ಎಷ್ಟು ಗಾಳಿ ಇರಬೇಕೆಂಬುದು ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲಿ ಅಥವಾ ಇಂಧನ ಮುಚ್ಚಳದ ಒಳಬದಿಯಲ್ಲಿ ಬರೆದಿರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವ ಒತ್ತಡದ ಸಂಖ್ಯೆ ಆ ಟೈರು ತಡೆದುಕೊಳ್ಳುವ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವಲ್ಲ. ಈ ಎರಡನ್ನು ಬೆರೆಸಿಕೊಂಡು 44 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ತುಂಬಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಅಳತೆ ಮಾಡಬೇಕಾದದ್ದು ಟೈರು ತಣ್ಣಗಿರುವಾಗ, ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರುವಾಗ. ಸರಿಸುಮಾರು ಪ್ರತಿ 5ರಿಂದ 6 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದಾಗ ಒತ್ತಡ ಒಂದು ಪಿ.ಎಸ್.ಐ.ಯಷ್ಟು ಏರುವುದರಿಂದ, ಹೆದ್ದಾರಿಯಲ್ಲಿ ನೂರು ಕಿಲೋಮೀಟರು ಓಡಿ ಬಂದ ಕಾರು 33ಕ್ಕೆ ಬದಲು 37 ತೋರಿಸಿದರೆ ಅದು ಸಹಜ. ಆಗ ಹೆಚ್ಚಾಗಿದೆಯೆಂದು ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಅದು 29ಕ್ಕೆ ಇಳಿದಿರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಟೈರು ಕೂಡ ತಿಂಗಳಿಗೆ ಒಂದೆರಡು ಪಿ.ಎಸ್.ಐ. ಕಳೆದುಕೊಳ್ಳುತ್ತದೆ, ಆದ್ದರಿಂದ ಎರಡು ವಾರಕ್ಕೊಮ್ಮೆ ನೋಡುವುದು ಸಾಕು, ಆದರೆ ಪ್ರತಿಬಾರಿಯೂ ಒಂದೇ ಮಾಪಕದಲ್ಲಿ ನೋಡಬೇಕು. ಬಂಕಿನಿಂದ ಬಂಕಿಗೆ ಯಂತ್ರ ತೋರಿಸುವ ಸಂಖ್ಯೆ ಬದಲಾಗುವುದನ್ನು ಕಂಡ ಮೇಲೆ ನಾನು ಸ್ವಂತ ಮಾಪಕವೊಂದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.

ಆಳವನ್ನು ಅಳೆಯುವುದು

ಹೊಸ ಕಾರಿನ ಟೈರಿನಲ್ಲಿ ಗ್ರಿಪ್ಪಿನ ಕಾಲುವೆಗಳ ಆಳ ಸಾಮಾನ್ಯವಾಗಿ 7ರಿಂದ 8 ಮಿಲಿಮೀಟರು. ಈ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಅವು ಎಲ್ಲಿವೆಯೆಂದು ತೋರಿಸಲು ಟೈರಿನ ಭುಜದ ಮೇಲೆ ಟಿ.ಡಬ್ಲ್ಯೂ.ಐ. ಎಂಬ ಅಕ್ಷರಗಳೋ ಪುಟ್ಟ ತ್ರಿಕೋನವೋ ಇರುತ್ತದೆ. ಆ ದಿಣ್ಣೆಗಳ ಎತ್ತರ 1.6 ಮಿಲಿಮೀಟರು. ಸುತ್ತಲಿನ ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದಿತೆಂದರೆ ಟೈರಿನ ಆಯುಸ್ಸು ಮುಗಿಯಿತು, ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದ ಪ್ರಕಾರ ಅಂತಹ ಟೈರಿನಲ್ಲಿ ಕಾರು ಓಡಿಸುವಂತಿಲ್ಲ.

ಕಾನೂನಿನ ಮಿತಿ ಅದಾದರೂ ನಮ್ಮ ಮಲೆನಾಡು ಮತ್ತು ಕರಾವಳಿಯ ಮಳೆಗೆ ಆ ಮಿತಿ ಸಾಲದೆಂಬುದು ನನ್ನ ಅಭಿಪ್ರಾಯ. ಕಾಲುವೆಗಳಿರುವುದೇ ರಸ್ತೆಯ ಮೇಲಿನ ನೀರನ್ನು ಟೈರಿನ ಅಡಿಯಿಂದ ಆಚೆಗೆ ತಳ್ಳುವುದಕ್ಕೆ. ಆಳ ಕಡಿಮೆಯಾದಂತೆ ತಳ್ಳುವ ಶಕ್ತಿ ಕುಂದಿ, ವೇಗ ಹೆಚ್ಚಾದಾಗ ಟೈರು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ, ಆಗ ಸ್ಟೇರಿಂಗೂ ಬ್ರೇಕೂ ಕೆಲಸಕ್ಕೆ ಬಾರವು. ಒಣ ರಸ್ತೆಯಲ್ಲಿ 2 ಮಿಲಿಮೀಟರಿನ ಟೈರು ಚೆನ್ನಾಗಿಯೇ ಹಿಡಿಯುವುದರಿಂದ ಬೇಸಿಗೆಯ ಉದ್ದಕ್ಕೂ ಅದರ ದೌರ್ಬಲ್ಯ ತಿಳಿಯುವುದೇ ಇಲ್ಲ. ಹಾಗಾಗಿ 3 ಮಿಲಿಮೀಟರಿಗೆ ಇಳಿದ ಟೈರನ್ನು ಮೃಗಶಿರ ಮಳೆ ಹಿಡಿಯುವ ಮೊದಲೇ ಬದಲಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಆಳ ಅಳೆಯುವ ಕಡ್ಡಿಮಾಪಕ ಅಗ್ಗದ ವಸ್ತು. ಒಂದೇ ಜಾಗದಲ್ಲಿ ಅಳೆದರೆ ಅದರಿಂದ ಸಿಗುವ ಮಾಹಿತಿ ಅಲ್ಪ. ಪ್ರತಿ ಟೈರಿನ ಒಳ ಅಂಚು, ನಡುಭಾಗ, ಹೊರ ಅಂಚು ಈ ಮೂರು ಕಡೆ, ಸುತ್ತಳತೆಯ ಮೂರು ಬೇರೆ ಬೇರೆ ಜಾಗಗಳಲ್ಲಿ ಅಳೆದು ಕಾಗದದ ಮೇಲೆ ಬರೆದುಕೊಳ್ಳಬೇಕು. ಈ ಲೆಕ್ಕದಿಂದ ಉಳಿದಿರುವ ಓಟವನ್ನೂ ಅಂದಾಜು ಮಾಡಬಹುದು: 8 ಮಿಲಿಮೀಟರು ಇದ್ದದ್ದು 32,000 ಕಿಲೋಮೀಟರಿಗೆ 4 ಆಗಿದ್ದರೆ, ಒಂದು ಮಿಲಿಮೀಟರಿಗೆ 8,000 ಕಿಲೋಮೀಟರಿನಂತೆ, 3ಕ್ಕೆ ಇಳಿಯಲು ಇನ್ನು ಸುಮಾರು 8,000 ಕಿಲೋಮೀಟರು ಬಾಕಿ ಇದೆ ಎಂದರ್ಥ. ಅಷ್ಟರೊಳಗೆ ಮಳೆಗಾಲ ಬರುತ್ತದೆಯೋ ಇಲ್ಲವೋ ಎಂದು ನೋಡಿಕೊಂಡು ಖರ್ಚಿಗೆ ಅಣಿಯಾಗಬಹುದು.

ಸವೆತದ ಗುರುತುಗಳನ್ನು ಓದುವುದು

ಮೂರೂ ಕಡೆಯ ಆಳ ಹೆಚ್ಚುಕಡಿಮೆ ಒಂದೇ ಇದ್ದರೆ ಟೈರು ನ್ಯಾಯವಾಗಿ ದುಡಿದು ಸವೆದಿದೆ, ಬದಲಿಸುವುದಷ್ಟೇ ಕೆಲಸ. ನಡುಭಾಗ ಮಾತ್ರ ಹೆಚ್ಚು ಸವೆದು ಎರಡೂ ಅಂಚು ಉಳಿದಿದ್ದರೆ ಗಾಳಿ ಬಹುಕಾಲ ಹೆಚ್ಚಾಗಿತ್ತು. ಟೈರು ಉಬ್ಬಿ ತನ್ನ ಬೆನ್ನಿನ ಮೇಲೆ ಓಡುತ್ತಿತ್ತು. ಇದಕ್ಕೆ ತದ್ವಿರುದ್ಧವಾಗಿ ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಿತ್ತೆಂದು ಹೇಳುವುದು ವಾಡಿಕೆ, ಮತ್ತು ಬಹುಪಾಲು ಅದು ನಿಜ. ಆದರೆ ಘಾಟಿಯ ತಿರುವುಗಳಲ್ಲಿ ಹೆಚ್ಚು ಓಡುವ ಕಾರುಗಳಲ್ಲಿ ಗಾಳಿ ಸರಿಯಾಗಿದ್ದರೂ ಮುಂದಿನ ಟೈರುಗಳ ಹೊರ ಭುಜ ಬೇಗ ಸವೆಯುತ್ತದೆ, ಏಕೆಂದರೆ ಪ್ರತಿ ತಿರುವಿನಲ್ಲೂ ಹೊರಬದಿಯ ಟೈರು ತನ್ನ ಭುಜದ ಮೇಲೆ ಭಾರ ಹೊರುತ್ತದೆ. ವ್ಯತ್ಯಾಸ ತಿಳಿಯಲು ಹಿಂದಿನ ಟೈರುಗಳನ್ನು ನೋಡಬೇಕು: ಗಾಳಿಯನ್ನು ಕಡೆಗಣಿಸಿದ ಕಾರಿನಲ್ಲಿ ಸಾಮಾನ್ಯವಾಗಿ ನಾಲ್ಕೂ ಟೈರುಗಳಲ್ಲಿ ಆ ಗುರುತಿರುತ್ತದೆ, ಘಾಟಿಯ ಸವೆತವಾದರೆ ಮುಂದಿನವುಗಳಲ್ಲೇ ಎದ್ದು ಕಾಣುತ್ತದೆ.

ಸುತ್ತಳತೆಯ ಉದ್ದಕ್ಕೂ ಅಲ್ಲಲ್ಲಿ ತಟ್ಟೆಯಂತೆ ತಗ್ಗು ಬಿದ್ದು, ಕೈಯಾಡಿಸಿದರೆ ಅಲೆಯಲೆಯಾಗಿ ತಾಗಿದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಓಡಿದೆ. ಶಾಕ್ ಅಬ್ಸಾರ್ಬರ್ ದಣಿದಿರುವುದು ಇದರ ಮುಖ್ಯ ಕಾರಣ. ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತಲಿನ ತೂಕದ ಸಮತೋಲನ, ತಪ್ಪಿರುವುದು ಇನ್ನೊಂದು. ಕಾರಿನ ಆ ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಬಾರಿ ತೂಗಿದರೆ ಅಥವಾ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಅದನ್ನು ಬದಲಿಸದೆ ಹೊಸ ಟೈರು ಹಾಕುವುದು ದುಡ್ಡು ದಂಡ. ಒಂದೇ ಒಂದು ಜಾಗದಲ್ಲಿ ಚಪ್ಪಟೆಯಾಗಿ ಉಜ್ಜಿಹೋಗಿದ್ದರೆ ಎಂದೋ ಒಮ್ಮೆ ಚಕ್ರ ತಿರುಗದೆ ಜಾರಿದೆ, ಬ್ರೇಕು ಹಾಕಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎ.ಬಿ.ಎಸ್. ಇಲ್ಲದ ಹಳೆಯ ಕಾರುಗಳಲ್ಲಿ ಇದು ಹೆಚ್ಚು.

ಒಂದೇ ಟೈರಿನ ಒಂದೇ ಅಂಚು ಸವೆದು ಅದರ ಜೋಡಿ ಚಕ್ರ ಸರಿಯಾಗಿದ್ದರೆ ಆ ಮೂಲೆಯಲ್ಲಿ ಏನೋ ಬಾಗಿದೆ. ಚಕ್ರ ನೆಟ್ಟಗೆ ನಿಲ್ಲದೆ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲುವುದನ್ನು ಕ್ಯಾಂಬರ್ ಎನ್ನುತ್ತಾರೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದನ್ನು ಹೊಂದಿಸಲು ಅವಕಾಶವೇ ಇರುವುದಿಲ್ಲ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಕ್ಯಾಂಬರ್ ಬದಲಾಗಿದ್ದರೆ ಚಕ್ರವನ್ನು ಹಿಡಿದಿಡುವ ಸ್ಟ್ರಟ್, ನಕಲ್ ಅಥವಾ ಲೋವರ್ ಆರ್ಮ್ ಬಾಗಿದೆಯೆಂದೇ ತಿಳಿದು, ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಕೇಂದ್ರಕ್ಕಿಂತ ಮೊದಲು ಮೆಕ್ಯಾನಿಕ್ಕಿನ ಬಳಿಗೆ ಹೋಗಬೇಕು.

ಎರಡೂ ಮುಂದಿನ ಟೈರುಗಳ ಒಂದೇ ಅಂಚು ಸವೆದಾಗ

ನನ್ನ ಕಾರಿನ ದೋಷ ಈ ಬಗೆಯದು, ಮತ್ತು ಇದರಲ್ಲೇ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೇಲಿನಿಂದ ನೋಡಿದರೆ ಎರಡು ಮುಂದಿನ ಚಕ್ರಗಳು ಪರಸ್ಪರ ಸಮಾನಾಂತರವಾಗಿರಬೇಕು. ಅವುಗಳ ಮುಂಭಾಗ ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕೆ ತಿರುಗಿದ್ದರೆ ಟೋ ಔಟ್. ಒಂದು ಚಕ್ರ ಅರ್ಧ ಡಿಗ್ರಿಯಷ್ಟು ಸೊಟ್ಟಗಿದ್ದರೆ ಪ್ರತಿ ಕಿಲೋಮೀಟರಿಗೆ ಅದು ಸುಮಾರು 8.7 ಮೀಟರು ಅಡ್ಡಕ್ಕೆ ಉಜ್ಜಿಕೊಂಡು ಸಾಗಿದಂತಾಗುತ್ತದೆಂದು ಜ್ಯಾಮಿತಿಯೇ ಹೇಳುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ ಅದು 87 ಕಿಲೋಮೀಟರಿನ ಅಡ್ಡ ಉಜ್ಜಾಟ. ರಬ್ಬರು ಎಷ್ಟೇ ಒಳ್ಳೆಯದಾಗಿದ್ದರೂ ಇದನ್ನು ತಾಳಿಕೊಳ್ಳಲಾರದು.

ಟೋ ತಪ್ಪಿರುವುದನ್ನು ಅಂಗೈಯಿಂದಲೇ ಪತ್ತೆ ಮಾಡಬಹುದು. ಕಾರು ನಿಂತಿರುವಾಗ ಗ್ರಿಪ್ಪಿನ ಮೇಲೆ ಅಂಗೈಯನ್ನು ಒಮ್ಮೆ ಹೊರ ಅಂಚಿನಿಂದ ಒಳ ಅಂಚಿಗೆ, ಮತ್ತೊಮ್ಮೆ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಎಳೆಯಬೇಕು. ಸರಿಯಾದ ಟೈರಿನಲ್ಲಿ ಎರಡೂ ದಿಕ್ಕಿಗೆ ಒಂದೇ ರೀತಿ ತಾಗುತ್ತದೆ. ಟೋ ಔಟ್ ಇದ್ದರೆ ಹೊರಕ್ಕೆ ಎಳೆಯುವಾಗ ನುಣುಪಾಗಿಯೂ ಒಳಕ್ಕೆ ಎಳೆಯುವಾಗ ಗರಗಸದ ಹಲ್ಲಿನಂತೆ ಚುಚ್ಚುವಂತೆಯೂ ಇರುತ್ತದೆ. ಟೋ ಇನ್ ಇದ್ದರೆ ಇದರ ತಿರುಗುಮುರುಗು. ತಂತಿ ಹೊರಬಂದಿರುವ ಟೈರಿನ ಮೇಲೆ ಈ ಪ್ರಯೋಗ ಮಾಡಬಾರದು, ಉಕ್ಕಿನ ಎಳೆ ಅಂಗೈಯನ್ನು ಸೀಳಿಬಿಡುತ್ತದೆ.

ನನ್ನ ಟೈರು ಒಳಕ್ಕೆ ಎಳೆದಾಗ ಚುಚ್ಚಿತು. ಅಲೈನ್‌ಮೆಂಟ್ ಮಾಡಿಸಿದೆ, ಯಂತ್ರದ ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರು ಬಣ್ಣಕ್ಕೆ ಬಂದವು, ಮುದ್ರಿತ ಕಾಗದವನ್ನೂ ಕೊಟ್ಟರು. ಎರಡು ಸಾವಿರ ಕಿಲೋಮೀಟರಿನ ನಂತರ ಮತ್ತೆ ಅದೇ ಗರಗಸ. ಎರಡನೆಯ ಬಾರಿ ಬೇರೆ ಕೇಂದ್ರದಲ್ಲಿ ಮಾಡಿಸಿದರೂ ಅದೇ ಕಥೆ. ಕೊನೆಗೆ ಹಳೆಯ ಮೆಕ್ಯಾನಿಕ್ಕೊಬ್ಬರು ಕಾರನ್ನು ಎತ್ತಿ, ಲೋವರ್ ಆರ್ಮಿನ ಹಿಂದಿನ ಬುಷ್ಷಿಗೆ ಸಬ್ಬಲ್ ಕೊಟ್ಟು ಮೀಟಿದಾಗ ರಬ್ಬರು ಬಾಯಿ ತೆರೆಯಿತು. ಎಡಬಲ ಎರಡರಲ್ಲೂ ಬುಷ್ಷು ಹರಿದಿತ್ತು. ಕಾರು ಯಂತ್ರದ ಮೇಲೆ ನಿಂತಿರುವಾಗ ಬುಷ್ಷಿನ ಮೇಲೆ ಎಳೆತವಿಲ್ಲ, ಆದ್ದರಿಂದ ಅಳತೆ ಸರಿಯಾಗಿಯೇ ಬರುತ್ತಿತ್ತು. ರಸ್ತೆಯಲ್ಲಿ ಬ್ರೇಕು ಹಾಕಿದಾಗಲೆಲ್ಲ ಆರ್ಮು ಹಿಂದಕ್ಕೆ ಸರಿದು ಚಕ್ರ ಹೊರಕ್ಕೆ ತಿರುಗುತ್ತಿತ್ತು, ಮತ್ತು ಘಾಟಿ ಇಳಿಯುವ ಕಾರಿನಲ್ಲಿ ಬ್ರೇಕಿನ ಮೇಲಿಂದ ಕಾಲು ತೆಗೆಯುವುದೇ ಅಪರೂಪ. ಗುಂಡಿಯ ಮೇಲೆ ಬ್ರೇಕು ಒತ್ತಿದಾಗ ಕೇಳುತ್ತಿದ್ದ ಸಣ್ಣ ಟಕ್ ಸದ್ದನ್ನು ನಾನು ಹಲವು ತಿಂಗಳು ಹಿಂಬದಿಯ ಸಾಮಾನಿನದೆಂದು ಅಂದುಕೊಂಡಿದ್ದೆ.

ಆದ್ದರಿಂದ ಅಲೈನ್‌ಮೆಂಟಿಗೆ ಮೊದಲು ಸಡಿಲಗಳನ್ನು ಪರೀಕ್ಷಿಸಬೇಕು. ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ 9 ಮತ್ತು 3ರ ಸ್ಥಾನದಲ್ಲಿ ಎರಡು ಕೈಯಿಂದ ಹಿಡಿದು ಅಲುಗಾಡಿಸಿದಾಗ ಆಟ ಕಂಡರೆ ಚಕ್ರವನ್ನು ತಿರುಗಿಸುವ ಟೈ ರಾಡಿನ ತುದಿ ಅಥವಾ ಸ್ಟೇರಿಂಗ್ ಜೋಡಣೆಯನ್ನು ಶಂಕಿಸಬೇಕು. 12 ಮತ್ತು 6ರಲ್ಲಿ ಆಟ ಕಂಡರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟನ್ನು. ಬುಷ್ಷುಗಳು ಈ ಎರಡೂ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಅನುಮಾನ, ಅವನ್ನು ಮೀಟಿಯೇ ನೋಡಬೇಕು. ಜಾಕ್ ಮಾತ್ರ ಆಧಾರವಾಗಿರುವ ಕಾರಿನ ಕೆಳಗೆ ತಲೆ ಹಾಕಬಾರದು. ಈ ಕೆಲಸಕ್ಕೆ ಸ್ಟ್ಯಾಂಡ್ ಅಥವಾ ಲಿಫ್ಟ್ ಬೇಕು. ಸಡಿಲವಾದ ಭಾಗಗಳನ್ನು ಬದಲಿಸಿ, ಹೊಸ ಟೈರು ಹಾಕಿ, ಗಾಳಿ ಸರಿಪಡಿಸಿ, ಕೊನೆಯಲ್ಲಿ ಅಲೈನ್‌ಮೆಂಟ್: ಈ ಕ್ರಮ ತಪ್ಪಿದರೆ ಮಾಡಿಸಿದ ಅಲೈನ್‌ಮೆಂಟನ್ನೇ ಮತ್ತೆ ಮಾಡಿಸಬೇಕಾಗುತ್ತದೆ.

ನಡುಕ, ಎಳೆತ, ಸದ್ದು

ಗಂಟೆಗೆ 80ರಿಂದ 100 ಕಿಲೋಮೀಟರಿನ ನಡುವೆ ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರಗಳ, ಸೀಟು ನಡುಗಿದರೆ ಹಿಂದಿನ ಚಕ್ರಗಳ ಬ್ಯಾಲೆನ್ಸಿಂಗ್ ತಪ್ಪಿರುವ ಸಾಧ್ಯತೆ ಹೆಚ್ಚು. ಬ್ರೇಕು ಒತ್ತಿದಾಗ ಮಾತ್ರ ನಡುಕ ಬಂದರೆ ಅದು ಬ್ರೇಕಿನ ಡಿಸ್ಕಿನ ವಿಷಯ, ಟೈರಿನದಲ್ಲ. ಮಳೆಗಾಲದಲ್ಲಿ ತೋಟದ ಹಾದಿಯಲ್ಲಿ ಓಡಾಡಿದ ಕಾರು ಇದ್ದಕ್ಕಿದ್ದಂತೆ ನಡುಗತೊಡಗಿದರೆ ಯಾವ ಕೇಂದ್ರಕ್ಕೂ ಹೋಗುವ ಮೊದಲು ರಿಮ್ಮಿನ ಒಳಬದಿಗೆ ನೀರು ಹಾಯಿಸಿ ತೊಳೆಯಿರಿ. ಅಲ್ಲಿ ಅಂಟಿ ಒಣಗಿದ ಕೆಮ್ಮಣ್ಣಿನ ಮುದ್ದೆಯೇ ಎಷ್ಟೋ ಸಲ ಕಾರಣವಾಗಿರುತ್ತದೆ. ತೊಳೆದರೂ ಹೋಗದಿದ್ದರೆ ಬ್ಯಾಲೆನ್ಸಿಂಗಿನ ತೂಕದ ತುಂಡು ಕಳಚಿಬಿದ್ದ ಜಾಗ ರಿಮ್ಮಿನ ಮೇಲೆ ಬೆಳ್ಳಗೆ ಕಾಣುತ್ತದೆಯೇ ನೋಡಬೇಕು. ಬ್ಯಾಲೆನ್ಸ್ ಮಾಡಿದ ಮೇಲೂ ನಡುಕ ಉಳಿದರೆ ರಿಮ್ಮು ಬಾಗಿದೆ ಅಥವಾ ಟೈರಿನ ಒಳಪದರ ಸಡಿಲಗೊಂಡಿದೆ. ಎರಡನೆಯದು ಅಪಾಯಕಾರಿ.

ಕಾರು ಒಂದು ಕಡೆಗೆ ಎಳೆಯುತ್ತದೆಂಬ ದೂರಿನಲ್ಲಿ ಅರ್ಧದಷ್ಟು ರಸ್ತೆಯ ತಪ್ಪು. ನೀರು ಹರಿದುಹೋಗಲೆಂದು ನಮ್ಮ ರಸ್ತೆಗಳು ಎಡಕ್ಕೆ ಇಳಿಜಾರಾಗಿರುತ್ತವೆ, ಕಾರು ಕೊಂಚ ಎಡಕ್ಕೆ ವಾಲುವುದು ಸಹಜ. ಅದಕ್ಕಿಂತ ಹೆಚ್ಚೆನಿಸಿದರೆ, ಗಾಳಿ ಸಮನಾಗಿದೆಯೆಂದು ಖಚಿತಪಡಿಸಿಕೊಂಡು, ಮುಂದಿನ ಎರಡು ಚಕ್ರಗಳನ್ನು ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಅದಲುಬದಲು ಮಾಡಿ ಓಡಿಸಿ ನೋಡಬೇಕು. ಎಳೆಯುವ ದಿಕ್ಕು ಬದಲಾದರೆ ದೋಷ ಟೈರಿನಲ್ಲಿದೆ, ಬದಲಾಗದಿದ್ದರೆ ಕಾರಿನಲ್ಲಿದೆ. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಕಾರಿನದೇ ಎಂದಾದರೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಎರಡೂ ಮುಂದಿನ ರಿಮ್ಮುಗಳ ಹತ್ತಿರ ಕೈಯೊಡ್ಡಿ ನೋಡಿ. ಒಂದು ಮಾತ್ರ ಕಾದಿದ್ದರೆ ಆ ಕಡೆಯ ಬ್ರೇಕು ಹಿಡಿದುಕೊಂಡಿದೆ.

ಗುಂಯ್‌ಗುಡುವ ಸದ್ದು ಟೈರಿನದೋ ಬೇರಿಂಗಿನದೋ ಎಂಬ ಗೊಂದಲಕ್ಕೂ ಸುಲಭದ ಪರೀಕ್ಷೆಯಿದೆ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಬಂದಾಗ ಸದ್ದಿನ ಸ್ವರ ಬದಲಾದರೆ ಅದು ಟೈರು. ರಸ್ತೆ ಯಾವುದಾದರೂ ಒಂದೇ ಆಗಿದ್ದು, ತಿರುವಿನಲ್ಲಿ ಒಂದು ಬದಿಗೆ ಭಾರ ಬಿದ್ದಾಗ ಏರಿ, ಇನ್ನೊಂದು ಬದಿಗೆ ಬಿದ್ದಾಗ ಇಳಿದರೆ ಅದು ಬೇರಿಂಗು.

ಗಾಳಿ ನಿಲ್ಲದ ಟೈರು

ವಾರಕ್ಕೆ ನಾಲ್ಕೈದು ಪಿ.ಎಸ್.ಐ. ಇಳಿಯುವ ಟೈರಿಗೆ ಸಾಬೂನು ನೀರೇ ಮದ್ದು. ಮೊದಲು ವಾಲ್ವಿನ ಬಾಯಿಗೆ, ಬಳಿಕ ವಾಲ್ವಿನ ಬುಡಕ್ಕೆ, ಆಮೇಲೆ ರಿಮ್ಮೂ ಟೈರೂ ಸೇರುವ ಅಂಚಿಗೆ, ಕೊನೆಗೆ ಗ್ರಿಪ್ಪಿನ ಮೇಲೆ ಹಚ್ಚಿ ಗುಳ್ಳೆ ಏಳುವುದನ್ನು ಕಾಯಬೇಕು. ರಿಮ್ಮಿನ ಅಂಚಿನಲ್ಲಿ ತುಕ್ಕು ಹಿಡಿದು ಸೋರುವುದು ಕರಾವಳಿಯ ಕಾರುಗಳಲ್ಲಿ ಮಾಮೂಲು. ಟೈರು ಕಳಚಿ ಅಂಚನ್ನು ಉಜ್ಜಿ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ, ಹೊಸ ಟೈರು ಬೇಕಿಲ್ಲ.

ಮೊಳೆ ಚುಚ್ಚಿದ್ದರೆ ಅದು ಎಲ್ಲಿ ಚುಚ್ಚಿದೆ ಎಂಬುದೇ ನಿರ್ಣಾಯಕ. ಗ್ರಿಪ್ಪಿನ ನಡುಭಾಗದಲ್ಲಿ, 6 ಮಿಲಿಮೀಟರಿಗಿಂತ ಚಿಕ್ಕ ತೂತಾಗಿದ್ದರೆ ಸರಿಪಡಿಸಬಹುದು. ರಸ್ತೆಬದಿಯಲ್ಲಿ ಹೊರಗಿನಿಂದ ತುರುಕುವ ರಬ್ಬರಿನ ಎಳೆ ಊರು ಮುಟ್ಟಿಸುವಷ್ಟಕ್ಕೆ ಸಾಕು. ಆಮೇಲೆ ಟೈರು ಕಳಚಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸುವುದೇ ಸರಿಯಾದ ದುರಸ್ತಿ. ಭುಜದಲ್ಲಿ ಅಥವಾ ಸೈಡ್‌ವಾಲಿನಲ್ಲಿ (ಟೈರಿನ ಪಕ್ಕದ ಗೋಡೆಯಲ್ಲಿ) ತೂತಾದರೆ ಆ ಟೈರನ್ನು ಬಿಡಬೇಕು, ಏಕೆಂದರೆ ಆ ಭಾಗ ಪ್ರತಿ ಸುತ್ತಿನಲ್ಲೂ ಮಡಿಚಿ ಬಿಚ್ಚಿಕೊಳ್ಳುವುದರಿಂದ ಯಾವ ಪ್ಯಾಚೂ ನಿಲ್ಲುವುದಿಲ್ಲ. ಗಾಳಿಯಿಲ್ಲದೆ ಕೆಲವು ಕಿಲೋಮೀಟರು ಓಡಿಸಿದ ಟೈರನ್ನು ಕಳಚಿದಾಗ ಒಳಗೆ ರಬ್ಬರಿನ ಪುಡಿ ಉದುರಿದರೆ ತೂತು ಎಷ್ಟೇ ಚಿಕ್ಕದಿದ್ದರೂ ಅದು ಕೆಟ್ಟಿತೆಂದೇ ಲೆಕ್ಕ.

ಆಳವಿದ್ದರೂ ಬದಲಿಸಲೇಬೇಕಾದವು

ಸೈಡ್‌ವಾಲಿನ ಮೇಲೆ ನಿಂಬೆಹಣ್ಣಿನಂತೆ ಉಬ್ಬು ಎದ್ದಿದ್ದರೆ ಗುಂಡಿಯ ಹೊಡೆತಕ್ಕೆ ಒಳಗಿನ ನೂಲಿನ ಎಳೆಗಳು ಹರಿದು, ಈಗ ಗಾಳಿಯನ್ನು ಹಿಡಿದಿರುವುದು ಬರೀ ರಬ್ಬರು. ಇದಕ್ಕೆ ದುರಸ್ತಿಯಿಲ್ಲ, ಹೆದ್ದಾರಿಯಲ್ಲಿ ಕಾದಾಗ ಅದು ಒಡೆಯಬಹುದು, ಆದ್ದರಿಂದ ಸ್ಟೆಪ್ನಿ ಹಾಕಿಕೊಂಡೇ ಅಂಗಡಿಗೆ ಹೋಗಬೇಕು. ಒತ್ತಿದರೆ ಮೆತ್ತಗಾಗದೆ ಒಳಕ್ಕೆ ತಗ್ಗಿದಂತೆ ಉದ್ದುದ್ದಕ್ಕೆ ಕಾಣುವ ಗೆರೆ ಮಾತ್ರ ಬಹುಪಾಲು ತಯಾರಿಕೆಯಲ್ಲಿ ಎಳೆಗಳ ಜೋಡಣೆಯಿಂದ ಬಂದದ್ದು, ಅದಕ್ಕೆ ಹೆದರಬೇಕಿಲ್ಲ. ಉಕ್ಕಿನ ತಂತಿ ಅಥವಾ ನೂಲು ಕಾಣುತ್ತಿದ್ದರೆ ಅಲ್ಲಿಗೆ ಚರ್ಚೆ ಮುಗಿಯಿತು.

ವಯಸ್ಸಿನ ವಿಷಯವನ್ನು ಕಡಿಮೆ ಓಡುವ ಕಾರಿನವರು ಮರೆಯುತ್ತಾರೆ. ಸೈಡ್‌ವಾಲಿನ ಮೇಲೆ ಡಿ.ಒ.ಟಿ. ಎಂದು ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಈ ಅಂಕಿಗಳು ಕೆಲವೊಮ್ಮೆ ಒಳಬದಿಯಲ್ಲಿ ಮಾತ್ರ ಇರುವುದರಿಂದ ಹೊರಗೆ ಕಾಣದಿದ್ದರೆ ಬಗ್ಗಿ ನೋಡಬೇಕು. ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಬೇಕೆಂದೂ, ಹೇಗೇ ಇದ್ದರೂ ಹತ್ತು ವರ್ಷ ದಾಟಿಸಬಾರದೆಂದೂ ಟೈರು ತಯಾರಕರು ಹೇಳುತ್ತಾರೆ. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ತಯಾರಕರೂ ಇದ್ದಾರೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ರಾಯಚೂರು, ಕಲಬುರಗಿಯಂತಹ ಊರುಗಳಲ್ಲಿ ಬಿಸಿಲಿಗೆ ನಿಲ್ಲುವ ಕಾರಿಗೆ ನಾನು ಆರು ವರ್ಷದ ಮಾತನ್ನೇ ಒಪ್ಪುತ್ತೇನೆ. ರಬ್ಬರಿಗೆ ಬೆರೆಸಿರುವ ರಕ್ಷಕ ದ್ರವ್ಯ ಟೈರು ಓಡಿ ಬಾಗಿದಾಗ ಮೇಲ್ಮೈಗೆ ಬರುವುದರಿಂದ, ನಿಂತೇ ಇರುವ ಕಾರಿನ ಟೈರಿನಲ್ಲಿ ಬಿರುಕು ಬೇಗ ಮೂಡುತ್ತದೆ. ಆ ದ್ರವ್ಯವೇ ಬಿಡುವ ಕಂದುಬಣ್ಣವನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಇದೇ ಪರೀಕ್ಷೆಯನ್ನು ಸ್ಟೆಪ್ನಿಗೂ ಮಾಡಬೇಕು; ಒಮ್ಮೆಯೂ ರಸ್ತೆ ಕಾಣದ ಸ್ಟೆಪ್ನಿಗೂ ವಯಸ್ಸಾಗುತ್ತದೆ.

ಯಾವುದನ್ನು, ಎಷ್ಟನ್ನು ಕೊಳ್ಳಬೇಕು

ನನ್ನ ಟೈರಿನ ಮೇಲೆ 185/65 ಆರ್ 15 88 ಎಚ್ ಎಂದಿದೆ. ಅಗಲ 185 ಮಿಲಿಮೀಟರು, ಅದರ ಶೇಕಡಾ 65ರಷ್ಟು ಸೈಡ್‌ವಾಲಿನ ಎತ್ತರ, ರೇಡಿಯಲ್ ರಚನೆ, 15 ಇಂಚಿನ ರಿಮ್ಮು, 88 ಎಂದರೆ ಒಂದು ಟೈರು ಹೊರಬಲ್ಲ ಭಾರ 560 ಕಿಲೋಗ್ರಾಂ, ಎಚ್ ಎಂದರೆ ವೇಗದ ಮಿತಿ ಗಂಟೆಗೆ 210 ಕಿಲೋಮೀಟರು. ಅಳತೆ ಹೊಂದಿಕೆಯಾಗಿದೆಯೆಂದು ಅಗ್ಗದ ಟೈರು ತೋರಿಸಿದಾಗ ಕೊನೆಯ ಎರಡು ಗುರುತುಗಳನ್ನು ನೋಡಲು ಮರೆಯಬೇಡಿ. ಭಾರದ ಸಂಖ್ಯೆ ಕಾರಿನ ಕೈಪಿಡಿಯಲ್ಲಿರುವುದಕ್ಕಿಂತ ಕಡಿಮೆಯಿದ್ದರೆ ಬೇಡವೆನ್ನಬೇಕು. ಭಾರತೀಯ ಮಾನಕ 15633ರ ಐ.ಎಸ್.ಐ. ಗುರುತು ಇರಬೇಕು, ತಯಾರಾದ ವಾರ ಒಂದು ವರ್ಷದ ಒಳಗಿನದಾಗಿರಬೇಕು. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಕಾಲುವೆ ಕೊರೆದು ಮಾರುವವರಿದ್ದಾರೆ; ಕೊರೆದ ಕಾಲುವೆಯ ಕೆಳಗೆ ಉಕ್ಕಿನ ಪಟ್ಟಿಯನ್ನು ಮುಚ್ಚಲು ರಬ್ಬರೇ ಉಳಿದಿರುವುದಿಲ್ಲ.

ಒಂದೇ ಟೈರು ಕೆಟ್ಟಿದ್ದು ಉಳಿದವು ಹೊಸದಾಗಿದ್ದರೆ ಒಂದನ್ನೇ ಬದಲಿಸಬಹುದು. ಇಲ್ಲವಾದರೆ ಒಂದೇ ಅಚ್ಚಿನ ಎರಡು ಟೈರುಗಳನ್ನು ಜೋಡಿಯಾಗಿ ಬದಲಿಸಬೇಕು. ಇಲ್ಲಿ ನಮ್ಮಲ್ಲಿ ಬೇರೂರಿರುವ ಒಂದು ತಪ್ಪು ಅಭ್ಯಾಸವಿದೆ: ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನಲ್ಲವೇ ಎಂದು ಹೊಸ ಟೈರುಗಳನ್ನು ಮುಂದೆ ಹಾಕುವುದು. ಹೆಚ್ಚು ಆಳವಿರುವ ಟೈರುಗಳು ಹಿಂದಿರಬೇಕು. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಸಾಗುತ್ತದೆ, ವೇಗ ತಗ್ಗಿಸಿದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕನಿಗೆ ಅದನ್ನು ತಡೆಯಲು ಸಮಯ ಸಿಗುವುದಿಲ್ಲ. ಈ ಮಾತಿಗೆ ಅಂಗಡಿಯಲ್ಲಿ ವಾದ ಎದುರಾದರೂ ಬಿಟ್ಟುಕೊಡಬೇಡಿ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ಟ್ಯೂಬ್‌ಲೆಸ್ ಟೈರಿನ ರಬ್ಬರ್ ವಾಲ್ವನ್ನು ಪ್ರತಿ ಬಾರಿಯೂ ಹೊಸದಾಗಿ ಹಾಕಿಸಬೇಕು, ಅದರ ಬೆಲೆ ಟೈರಿನ ಬೆಲೆಯ ಮುಂದೆ ಏನೂ ಅಲ್ಲ. ಅಂಚು ಕೂರಿಸುವ ಮೊದಲು ರಿಮ್ಮನ್ನು ಸ್ವಚ್ಛಗೊಳಿಸಿ ಸಾಬೂನಿನ ಲೇಪ ಹಚ್ಚಬೇಕು. ಟೈರಿನ ಮೇಲಿನ ಹಳದಿ ಚುಕ್ಕೆ ಹಗುರವಾದ ಜಾಗವನ್ನು ತೋರಿಸುವುದರಿಂದ ಅದನ್ನು ವಾಲ್ವಿನ ನೇರಕ್ಕೆ ತಂದರೆ ಬ್ಯಾಲೆನ್ಸಿಂಗಿಗೆ ಕಡಿಮೆ ತೂಕ ಸಾಕು. ಬಾಣದ ಗುರುತಿದ್ದರೆ ಅದು ಕಾರು ಮುಂದಕ್ಕೆ ಚಲಿಸುವಾಗ ಚಕ್ರ ತಿರುಗುವ ದಿಕ್ಕಿಗಿರಬೇಕು, ಹೊರಬದಿಯೆಂದು ಬರೆದಿರುವ ಮುಖ ಹೊರಗೇ ಇರಬೇಕು. ಸಾರಜನಕ ತುಂಬಿಸಿಕೊಳ್ಳಿ ಎಂದು ಒತ್ತಾಯಿಸಿದರೆ, ಸಾಧಾರಣ ಗಾಳಿಯಲ್ಲೇ ಶೇಕಡಾ 78ರಷ್ಟು ಸಾರಜನಕವಿದೆ ಎಂಬುದನ್ನು ನೆನಪಿಡಿ. ಉಳಿದದ್ದು ನಿಮ್ಮ ಇಷ್ಟ.

ನಟ್ಟುಗಳನ್ನು ಗಾಳಿಯ ಗನ್ನಿನಿಂದ ಕಿರಿಚುವವರೆಗೆ ಬಿಗಿಯುವುದು ಅಂಗಡಿಗಳಲ್ಲಿ ಸಾಮಾನ್ಯ. ಹಾಗೆ ಬಿಗಿದರೆ ಸ್ಟಡ್ಡಿನ ಎಳೆ ಹಾಳಾಗಬಹುದು, ಮತ್ತು ರಸ್ತೆಯಲ್ಲಿ ಪಂಕ್ಚರ್ ಆದಾಗ ಕಾರಿನ ಜೊತೆ ಬಂದ ಚಿಕ್ಕ ಪಾನಾಕ್ಕೆ ಅದು ಬಗ್ಗುವುದಿಲ್ಲ. ನಕ್ಷತ್ರದ ಆಕಾರದಲ್ಲಿ, ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿದು, ಕೊನೆಗೆ ಟಾರ್ಕ್ ಪಾನಾದಿಂದ ಕೈಪಿಡಿಯಲ್ಲಿರುವ ಅಳತೆಗೆ ತರಲು ಕೇಳಬೇಕು. ಟೈರುಗಳ ಕ್ರಮಸಂಖ್ಯೆ ಬರೆದಿರುವ ಬಿಲ್ಲನ್ನು ಇಟ್ಟುಕೊಳ್ಳಬೇಕು. ಒತ್ತಡ ಎಚ್ಚರಿಸುವ ವ್ಯವಸ್ಥೆಯಿರುವ ಕಾರಾದರೆ ಅದನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು.

ರಸ್ತೆಬದಿಯಲ್ಲಿ ಸ್ಟೆಪ್ನಿ ಹಾಕಿಕೊಳ್ಳುವ ಕೆಲಸ ಹೆಚ್ಚಿನವರಿಗೆ ಗೊತ್ತಿರುವುದೇ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕು, ಗೇರು, ಎದುರು ಮೂಲೆಯ ಚಕ್ರಕ್ಕೆ ಕಲ್ಲು, ಇಷ್ಟಾದ ಮೇಲೆ ಕಾರನ್ನು ಎತ್ತುವ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಕಳಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಡಬೇಕು. ಜಾಕ್ ಜಾರಿದರೆ ಕಾರು ಅದರ ಮೇಲೆ ನಿಲ್ಲುತ್ತದೆ. ಅಗಲ ಕಡಿಮೆಯಿರುವ ತಾತ್ಕಾಲಿಕ ಸ್ಟೆಪ್ನಿಯಲ್ಲಿ ಗಂಟೆಗೆ 80 ಕಿಲೋಮೀಟರು ಮೀರಬಾರದು.

ದೋಷ ಹೋಯಿತೇ ಎಂದು ತಿಳಿಯುವುದು

ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ಮುನ್ನೂರು ಕಿಲೋಮೀಟರು ನಿಧಾನವಾಗಿ, ಮಳೆಯಲ್ಲಂತೂ ಇನ್ನೂ ನಿಧಾನವಾಗಿ ಓಡಿಸಬೇಕು. ಐವತ್ತರಿಂದ ನೂರು ಕಿಲೋಮೀಟರು ಓಡಿದ ಮೇಲೆ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಬೇಕು. ಎರಡು ಸಾವಿರ ಕಿಲೋಮೀಟರಿಗೆ ಅಂಗೈ ಪರೀಕ್ಷೆ, ಐದು ಸಾವಿರಕ್ಕೆ ಮೂರು ಕಡೆಯ ಆಳದ ಅಳತೆ, ಎಂಟರಿಂದ ಹತ್ತು ಸಾವಿರಕ್ಕೆ ಟೈರುಗಳ ಸ್ಥಾನಪಲ್ಲಟ. ಐದು ಸಾವಿರದ ಅಳತೆಯಲ್ಲಿ ಒಳ ಅಂಚಿಗೂ ಹೊರ ಅಂಚಿಗೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ದೋಷ ಉಳಿದಿದೆ ಎಂದು ಭಾವಿಸಿ, ಕಾರನ್ನು ಮತ್ತೆ ಎತ್ತಿ ಸಡಿಲಗಳನ್ನು ಹುಡುಕುತ್ತೇನೆ. ಇದು ನನ್ನದೇ ಮಿತಿ, ಯಾವ ಪುಸ್ತಕದ್ದೂ ಅಲ್ಲ. ಬುಷ್ಷು ಬದಲಿಸಿ ಅಲೈನ್‌ಮೆಂಟ್ ಮಾಡಿಸಿದ ಮೇಲೆ, ನನ್ನ ಕಾರಿನ ಈಗಿನ ಮುಂದಿನ ಟೈರುಗಳನ್ನು ಐದು ಸಾವಿರ ಕಿಲೋಮೀಟರಿಗೆ ಅಳೆದಾಗ ಒಳ ಅಂಚು 6.9, ನಡು 6.9, ಹೊರ ಅಂಚು 6.7 ಬಂತು. ಹೊರ ಅಂಚಿನ ಆ 0.2 ಮಿಲಿಮೀಟರು ಆಗುಂಬೆಯ ತಿರುವುಗಳ ಪಾಲು.